ಗೈಡ್ ಮುಂದೆ ಕೂರುವ ಮುನ್ನ: ಎಂ.ಎಸ್ಸಿ. ನರ್ಸಿಂಗ್ ಡಿಸರ್ಟೇಶನ್ ಟಿಪ್ಪಣಿ

ಎರಡು ವರ್ಷದ ಕೋರ್ಸಿನಲ್ಲಿ ಥಿಯರಿ, ಕ್ಲಿನಿಕಲ್ ಪೋಸ್ಟಿಂಗ್ ಕಳೆದು ಡಿಸರ್ಟೇಶನ್‌ಗೆ ಉಳಿಯುವ ಹೊತ್ತು ಕಡಿಮೆ. ಗೈಡ್ ಕೂಡ ತರಗತಿ, ವಾರ್ಡು, ಪರೀಕ್ಷೆಗಳ ನಡುವೆ ಸಿಗುವವರು. "ಮೇಡಂ, ಒಂದ್ಸಲ ನೋಡ್ರಿ" ಅಂತ ಇಡೀ ಅಧ್ಯಾಯ ಮೇಜಿನ ಮೇಲಿಟ್ಟರೆ ಕಾಗುಣಿತ ತಿದ್ದಿ ವಾಪಸ್ ಬರುತ್ತದೆ, ತೀರ್ಮಾನ ಬರುವುದಿಲ್ಲ. ಒಂದು ಪುಟ ಸಾಕು: ಮೇಲೆ ಇವತ್ತು ತೀರ್ಮಾನವಾಗಬೇಕಾದ ಒಂದೇ ಪ್ರಶ್ನೆ, ಕೆಳಗೆ ನೀವೇ ಯೋಚಿಸಿದ ಎರಡು ಉತ್ತರ, ಯಾವುದು ಏಕೆ ಸರಿ ಅನಿಸಿತು ಎಂಬ ಎರಡು ಸಾಲು. ಒಪ್ಪಿದ್ದನ್ನು ಅಂದೇ ಡೈರಿಯಲ್ಲಿ ಬರೆದು, ದಿನಾಂಕ ಹಾಕಿ, ಗೈಡ್ ಮತ್ತು ಕೋ-ಗೈಡ್ ಇಬ್ಬರ ಸಹಿ ತೆಗೆದುಕೊಳ್ಳಿ. ಇಬ್ಬರೂ ಬೇರೆ ಬೇರೆ ಮಾತು ಹೇಳಿ ವಿದ್ಯಾರ್ಥಿ ನಡುವೆ ಸಿಕ್ಕಿಕೊಳ್ಳುವುದು ಅಲ್ಲಿಗೆ ನಿಲ್ಲುತ್ತದೆ.

ಸ್ಯಾಂಪಲ್ ಸೈಜ್: ಯಾವ 10%?

ಸಿನಾಪ್ಸಿಸ್‌ನಲ್ಲಿ (ಅಧ್ಯಯನ ಶುರುವಾಗುವ ಮೊದಲು ಕೊಡುವ ಯೋಜನೆಯ ಬರಹ) ಹೆಚ್ಚಿನವರು ಎಡವುವುದು ಇಲ್ಲೇ, ಅದಕ್ಕೇ ಬಿಡಿಸಿ ಬರೆಯುತ್ತೇನೆ. ಒಂದು ಗುಂಪಿನ ಶೇಕಡಾವಾರು ಅಳೆಯುವ ಸರ್ವೇಗೆ ಸೂತ್ರ n = Z²pq/d². n ಬೇಕಾದ ಜನರ ಸಂಖ್ಯೆ, p ನಿರೀಕ್ಷಿತ ಶೇಕಡಾವಾರು, q ಅಂದರೆ 1 − p, d ಒಪ್ಪಬಹುದಾದ ತಪ್ಪಿನ ಅಂತರ; ಬಂದ ಉತ್ತರವನ್ನು ಮೇಲಿನ ಪೂರ್ಣ ಸಂಖ್ಯೆಗೆ ಏರಿಸಬೇಕು. 95% ವಿಶ್ವಾಸ ಮಟ್ಟಕ್ಕೆ Z² ಅಂದರೆ 1.96 × 1.96 = 3.8416. p ಹಿಂದಿನ ಅಧ್ಯಯನದಿಂದ ಬರುತ್ತದೆ; 40% ಅಂತಿಟ್ಟುಕೊಳ್ಳಿ. ಹಾಗಾದರೆ pq = 0.4 × 0.6 = 0.24.

ಇನ್ನು d. ಸೀನಿಯರ್‌ಗಳ ಥೀಸಿಸ್‌ನಿಂದ "ಅಲೋವಬಲ್ ಎರರ್ 10%" ಎಂಬ ಸಾಲು ಹಾಗೇ ಇಳಿದು ಬರುತ್ತದೆ. ಅದು ನೇರ 10 ಶೇಕಡಾ ಅಂಶವಾದರೆ (40ರ ಆಚೀಚೆ 10) d = 0.10, n = 93. ಉತ್ತರ 30 ರಿಂದ 50ರ ನಡುವೆ ಇದ್ದರೆ ಸಾಕು ಅಂತ ನೀವು ಒಪ್ಪಿದ ಹಾಗೆ. ಅದು p ಯ 10% ಆದರೆ d = 0.04, n = 577; ಆಗ ಉತ್ತರ 36 ರಿಂದ 44ರ ಒಳಗೆ ಬೇಕು. ಸಾಲು ಒಂದೇ, ಸಂಖ್ಯೆ ಆರು ಪಟ್ಟು ಬೇರೆ. ಗೈಡ್ ಒಂದು ಅಂದುಕೊಂಡು, ಸ್ಟ್ಯಾಟಿಸ್ಟಿಶಿಯನ್ ಇನ್ನೊಂದು ಅಂದುಕೊಂಡರೆ ಡೇಟಾ ಕಲೆಕ್ಷನ್ ಮುಗಿದ ಮೇಲೆ ಗೊತ್ತಾಗುತ್ತದೆ.

p ಚಿಕ್ಕದಿದ್ದಾಗ ಇನ್ನೂ ಮೋಸ. p = 5% ಇಟ್ಟು d = 0.10 ಹಾಕಿದರೆ ಕೇವಲ 19 ಜನ ಸಾಕು ಅಂತ ಬರುತ್ತದೆ. ಆದರೆ ವ್ಯಾಪ್ತಿ ನೋಡಿ: ಮೈನಸ್ 5 ರಿಂದ 15. ಮೈನಸ್ ಶೇಕಡಾ ಎಲ್ಲಿದೆ? d ಯಾವಾಗಲೂ p ಗಿಂತ ಸಾಕಷ್ಟು ಚಿಕ್ಕದಿರಬೇಕು.

ಬಿಟ್ಟುಹೋಗುವವರಿಗಾಗಿ 10% ಸೇರಿಸುವಾಗ 1.1 ರಿಂದ ಗುಣಿಸಬೇಡಿ, 0.9 ರಿಂದ ಭಾಗಿಸಿ. 93 ÷ 0.9 ಅಂದರೆ ಮೇಲಕ್ಕೇರಿಸಿ 104; ಹಾಗೆಯೇ 577 ಇದ್ದದ್ದು 642. 93 ಅನ್ನು ಗುಣಿಸಿದರೆ 103 ಬರುತ್ತದೆ. ಅದರಲ್ಲಿ 10% ಹೋದರೆ 93 ಉಳಿಯುವುದಿಲ್ಲ.

ಈಗ ದಿನ ಎಣಿಸಿ. ಖಾನಾಪುರ ಅಥವಾ ಇಂಡಿ ಕಡೆಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದಿನಕ್ಕೆ 12 ಗರ್ಭಿಣಿಯರ ಸಂದರ್ಶನ ಆಗುತ್ತದೆ ಅಂದುಕೊಂಡರೆ 104ಕ್ಕೆ 9 ದಿನ, 642ಕ್ಕೆ 54 ದಿನ. ಕೈಯಲ್ಲಿರುವುದು ಆರು ವಾರ, ಅಂದರೆ 36 ಕೆಲಸದ ದಿನ. ಹಾಗಂತ ಅನುಕೂಲಕ್ಕೆ d ಹಿಗ್ಗಿಸುವಂತಿಲ್ಲ. ಕಾರಣ ಬರೆಯಬೇಕು, ಇಲ್ಲವೇ ಎರಡನೇ ಕೇಂದ್ರ ಸೇರಿಸಬೇಕು. ಪ್ರತಿ ತಿಂಗಳ 9ರಂದು ಸುರಕ್ಷಿತ ಮಾತೃತ್ವ ಅಭಿಯಾನಕ್ಕೆ ತುಂಬಾ ಜನ ಬರುತ್ತಾರೆಂದು ಅದೊಂದೇ ದಿನ ಹಿಡಿದರೆ ಉಳಿದ ದಿನ ಬರುವವರು ಬಿಟ್ಟುಹೋಗುತ್ತಾರೆ.

ಉಳಿದವು

ರಿಲಯಬಿಲಿಟಿ (ಪ್ರಶ್ನಾವಳಿ ಎಷ್ಟು ನಂಬಲರ್ಹ ಎಂಬ ಅಳತೆ): ಸರಿ-ತಪ್ಪು ಜ್ಞಾನ ಪ್ರಶ್ನೆಗಳಿಗೆ ಕೆಆರ್-20, ಲೈಕರ್ಟ್ ಸ್ಕೇಲಿಗೆ (ಪೂರ್ಣ ಒಪ್ಪುತ್ತೇನೆಯಿಂದ ಒಪ್ಪುವುದೇ ಇಲ್ಲದವರೆಗಿನ ಉತ್ತರ) ಕ್ರಾನ್‌ಬ್ಯಾಕ್ ಆಲ್ಫಾ, ಇಬ್ಬರು ನೋಡಿ ತುಂಬುವ ಚೆಕ್‌ಲಿಸ್ಟಿಗೆ ಕಪ್ಪಾ. ಸ್ಪ್ಲಿಟ್-ಹಾಫ್ (ಪ್ರಶ್ನೆಗಳನ್ನು ಎರಡು ಅರ್ಧ ಮಾಡಿ ಹೋಲಿಸುವುದು) ಮಾಡಿದರೆ ಎರಡು ಅರ್ಧಗಳ ನಡುವೆ ಬಂದ ಹೊಂದಿಕೆ r ಅನ್ನೇ ಬರೆಯಬೇಡಿ, 2r/(1+r) ಹಾಕಿ. 0.68 ಇದ್ದದ್ದು 0.81 ಆಗುತ್ತದೆ.

ಎಥಿಕ್ಸ್ ಕಮಿಟಿ ಅನುಮತಿ ಪೈಲಟ್‌ಗೂ (ಮುಖ್ಯ ಅಧ್ಯಯನಕ್ಕೆ ಮುಂಚಿನ ಸಣ್ಣ ಪ್ರಯೋಗ) ಮೊದಲೇ ಬೇಕು. ಇಂಟರ್ವೆನ್ಷನ್ (ತರಬೇತಿ, ಚಿಕಿತ್ಸೆಯಂಥದ್ದನ್ನು ಕೊಟ್ಟು ಪರಿಣಾಮ ನೋಡುವುದು) ಇದ್ದರೆ ಮೊದಲ ವ್ಯಕ್ತಿಯನ್ನು ಸೇರಿಸುವ ಮುಂಚೆ ಸಿಟಿಆರ್‌ಐ (ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ ಪಟ್ಟಿ) ನೋಂದಣಿ.

ಅನುವಾದ: ಇಂಗ್ಲಿಷ್ ಪ್ರಶ್ನಾವಳಿಯನ್ನು ಒಬ್ಬರು ಕನ್ನಡಕ್ಕೆ ತಂದ ಮೇಲೆ ಮೂಲ ನೋಡದ ಇನ್ನೊಬ್ಬರು ಇಂಗ್ಲಿಷಿಗೆ ಮರಳಿಸಬೇಕು. ಬೆಳಗಾವಿ ಸುತ್ತ ಮರಾಠಿ ಪ್ರತಿಯೂ ಬೇಕಾಗುತ್ತದೆ, ಅದಕ್ಕೂ ಇದೇ ಕ್ರಮ. ಗೈಡ್‌ಗೆ ಪ್ರಶ್ನಾವಳಿ ತೋರಿಸುವ ಮುನ್ನ ಐದಾರು ಹೆಣ್ಣುಮಕ್ಕಳ ಮುಂದೆ ಓದಿ ನೋಡಿ. "ನಿಮಗೆ ರಕ್ತಹೀನತೆಯ ಬಗ್ಗೆ ತಿಳಿದಿದೆಯೇ?" ಅಂದರೆ ಇಲ್ಲ ಅಂತಾರೆ. "ಮೈಯಾಗ ರಕ್ತ ಕಡಿಮಿ ಐತಿ ಅಂತ ಯಾರರ ಹೇಳ್ಯಾರೇನ್ರಿ?" ಅಂದರೆ ಚೀಲದಿಂದ ತಾಯಿ ಕಾರ್ಡು ತೆಗೆದು ತೋರಿಸುತ್ತಾರೆ.