ಗುಜರಿಯಿಂದ ಕಲಾಕೇಂದ್ರ: ಮೊದಲು ರಾಶಿ, ಆಮೇಲೆ ನಕ್ಷೆ

ಖಾಲಿ ಬಿದ್ದ ಗೋದಾಮನ್ನೋ ಮುಚ್ಚಿಹೋದ ಕಾರ್ಖಾನೆಯ ಒಂದು ಭಾಗವನ್ನೋ ಎಲ್ಲರೂ ಬಂದು ಸೇರುವ ಕಲಾಕೇಂದ್ರವಾಗಿ ಮಾಡಿಕೊಡಬೇಕೆಂದು ಕೇಳುವವರು ಸಾಮಾನ್ಯವಾಗಿ ಒಂದು ಚಿತ್ರವನ್ನು ಕೈಯಲ್ಲಿ ಹಿಡಿದೇ ಬರುತ್ತಾರೆ. ಬೇರೆಲ್ಲೋ ನೋಡಿದ ಬೆಳಕಿನ ಸುರಂಗ, ಕನ್ನಡಿಗಳ ಕೋಣೆ ಅಥವಾ ಬಾಟಲಿಗಳ ಗೋಡೆ ಅದರಲ್ಲಿರುತ್ತದೆ. ಅಂಥದ್ದೇ ತಮಗೂ ಬೇಕು ಎನ್ನುತ್ತಾರೆ. ನಾನು ಆ ಚಿತ್ರವನ್ನು ಪಕ್ಕಕ್ಕಿಟ್ಟು, ನಿಮ್ಮ ಸುತ್ತಮುತ್ತ ಜನ ಎಸೆಯುತ್ತಿರುವ ವಸ್ತು ಯಾವುದು, ಅದು ತಿಂಗಳಿಗೆ ಎಷ್ಟು ಸಿಗುತ್ತದೆ ಎಂದು ಕೇಳುತ್ತೇನೆ. ಹೊಸ ಸಾಮಾನು ಕೊಂಡು ಕಟ್ಟುವಾಗ ನಕ್ಷೆ ಮೊದಲು, ಸಾಮಾನು ಆಮೇಲೆ. ಎಸೆದ ವಸ್ತುವನ್ನೇ ಹೊಸ ಬಳಕೆಗೆ ತರುವ ಅಪ್‌ಸೈಕ್ಲಿಂಗ್‌ನಲ್ಲಿ ಈ ಕ್ರಮ ತಲೆಕೆಳಗಾಗುತ್ತದೆ. ರಾಶಿಯನ್ನು ನೋಡದೆ ನಕ್ಷೆ ಬರೆದವರು ಕೊನೆಗೆ ಹಳೆಯದರಂತೆ ಕಾಣುವ ಹೊಸ ಸಾಮಾನನ್ನೇ ಕೊಂಡು ತಂದದ್ದನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ಕಂಡಿದ್ದೇನೆ.

ಗಾಜನ್ನು ಕರಗಿಸಿ ಮತ್ತೆ ಗಾಜು ಮಾಡಿದರೆ, ಕಾಗದವನ್ನು ಅರೆದು ಮತ್ತೆ ಕಾಗದ ಮಾಡಿದರೆ ಅದು ಮರುಸಂಸ್ಕರಣೆ. ಅಲ್ಲಿ ವಸ್ತುವಿನ ಹಳೆಯ ರೂಪ ಅಳಿದುಹೋಗುತ್ತದೆ. ಅಪ್‌ಸೈಕ್ಲಿಂಗ್‌ನಲ್ಲಿ ರೂಪ ಉಳಿದುಕೊಂಡು ಬಳಕೆಯೂ ಬೆಲೆಯೂ ಬದಲಾಗುತ್ತವೆ. ನೋಡುಗರನ್ನು ನಾಲ್ಕೂ ಕಡೆಯಿಂದ ಆವರಿಸಿಕೊಳ್ಳುವ ಇಮ್ಮರ್ಸಿವ್ ಕಲೆಗೆ ಈ ಗುಣ ಬಹಳ ಒದಗಿಬರುತ್ತದೆ, ಏಕೆಂದರೆ ಪರಿಚಿತ ವಸ್ತು ನಿರೀಕ್ಷಿಸದ ಜಾಗದಲ್ಲಿ ಎದುರಾದಾಗ ಮನಸ್ಸು ತಟ್ಟನೆ ಎಚ್ಚರಗೊಳ್ಳುತ್ತದೆ. ಅಮೆರಿಕದ ಸಾಂತಾ ಫೆಯಲ್ಲಿ ಮಿಯಾವ್ ವೂಲ್ಫ್ ಎಂಬ ಕಲಾವಿದರ ಬಳಗವು 2016ರಲ್ಲಿ, ಮುಚ್ಚಿಹೋಗಿದ್ದ ಬೌಲಿಂಗ್ ಆಟದ ಕಟ್ಟಡವೊಂದರೊಳಗೆ ಇಡೀ ಮನೆಯನ್ನೇ ಕಟ್ಟಿ ಜನರಿಗೆ ತೆರೆಯಿತು. ಅಲ್ಲಿ ಅಡುಗೆಮನೆಯ ಫ್ರಿಜ್ ಬಾಗಿಲು ಎಳೆದರೆ ಇನ್ನೊಂದು ಲೋಕಕ್ಕೆ ದಾರಿ ತೆರೆದುಕೊಳ್ಳುತ್ತದೆ. ಮನೆಯಲ್ಲಿ ದಿನಕ್ಕೆ ಹತ್ತು ಸಲ ಫ್ರಿಜ್ ತೆರೆದು ಮುಚ್ಚಿದ ಕೈಗೇ ಆ ಬೆರಗು ಹೆಚ್ಚು ದಕ್ಕುವುದು.

ಚಂಡೀಗಢದ ರಾಕ್ ಗಾರ್ಡನ್‌ನಲ್ಲಿ ಇದೇ ಗುಣ ಬೇರೆ ಬಗೆಯಲ್ಲಿ ಕೆಲಸ ಮಾಡುತ್ತದೆ. ರಸ್ತೆ ಇನ್‌ಸ್ಪೆಕ್ಟರ್ ಆಗಿದ್ದ ನೇಕ್ ಚಂದ್ ಅವರು 1957ರ ಸುಮಾರಿಗೆ ಯಾರಿಗೂ ತಿಳಿಸದೆ ಅದನ್ನು ಕಟ್ಟಲು ತೊಡಗಿದರು. 1976ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು. ಹೊಸ ನಗರಕ್ಕಾಗಿ ಕೆಡವಿದ ಹಳ್ಳಿಗಳ ಅವಶೇಷ, ಒಡೆದ ಬಳೆ, ಪಿಂಗಾಣಿಯ ಚೂರುಗಳಿಂದ ಅಲ್ಲಿನ ಸಾಲು ಸಾಲು ಬೊಂಬೆಗಳು ಎದ್ದು ನಿಂತಿವೆ. ಊರಿನ ಗುಜರಿಯಲ್ಲಿ ಊರಿನ ನೆನಪೂ ಇರುತ್ತದೆ ಎಂಬುದನ್ನು ನಾನು ಅರಿತದ್ದು ಆ ಕೆಲಸದಿಂದ. ದೂರದಿಂದ ಲಾರಿಯಲ್ಲಿ ತರಿಸಿದ ಗುಜರಿಯಿಂದ ಕಟ್ಟಿದ ಗೋಡೆಯ ಮುಂದೆ ನಿಂತು ಯಾರೂ “ಇದು ನಮ್ಮ ಶಾಲೆಯ ಬೆಂಚಲ್ಲವೇ” ಎಂದು ಕೇಳುವುದಿಲ್ಲ.

ಆದರೆ ರಾಶಿ ಸಿಕ್ಕಿತೆಂದು ಎಲ್ಲವನ್ನೂ ಒಳಗೆ ತಂದು ಸುರಿಯಬಾರದು. ಬಂದದ್ದರಲ್ಲಿ ದೊಡ್ಡ ಪಾಲನ್ನು ನಾನು ಹೊರಗಿನಿಂದಲೇ ವಾಪಸ್ಸು ಕಳಿಸುತ್ತೇನೆ, ಅದಕ್ಕಾಗಿ ಕೆಲವರ ಮುನಿಸನ್ನೂ ಕಟ್ಟಿಕೊಂಡಿದ್ದೇನೆ. ದೇಶದಿಂದ ದೇಶಕ್ಕೆ ಸರಕು ಸಾಗಿಸುವ ಮರದ ಪ್ಯಾಲೆಟ್‌ಗಳ ಮೇಲೆ ಒಂದು ಮುದ್ರೆ ಇರುತ್ತದೆ. ಅದರಲ್ಲಿ ‘ಎಚ್‌ಟಿ’ ಎಂದಿದ್ದರೆ ಹುಳುಹುಪ್ಪಟೆ ಸಾಯಲೆಂದು ಮರಕ್ಕೆ ಶಾಖ ಕೊಟ್ಟಿದ್ದಾರೆ ಎಂದರ್ಥ. ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದಾರೆ. ಎರಡನೆಯದನ್ನು ನಾನು ಮುಟ್ಟುವುದಿಲ್ಲ. ಏನು ಚೆಲ್ಲಿದೆಯೋ ತಿಳಿಯದ ಕಲೆಗಳಿರುವ ಪ್ಯಾಲೆಟ್ ಕೂಡ ಬೇಡ. ಹಳೆಯ ಕಿಟಕಿ ಬಾಗಿಲುಗಳ ಬಣ್ಣದಲ್ಲಿ ಸೀಸ ಇರುವ ಸಂಭವವಿದೆ. ಪರೀಕ್ಷಿಸದೆ ಅದನ್ನು ಒಣಗಿದ್ದಂತೆಯೇ ಉಜ್ಜಿದರೆ ಎದ್ದ ದೂಳು ನೆಲಕ್ಕೆ ಕೂತು, ಅಲ್ಲಿಂದ ಮಕ್ಕಳ ಕೈಗೆ, ಕೈಯಿಂದ ಬಾಯಿಗೆ ಹೋಗುತ್ತದೆ. ಥರ್ಮೋಕೋಲ್ ಮತ್ತು ಹಳೆಯ ಸೋಫಾದ ಸ್ಪಂಜು ಹಗುರವಾಗಿ, ಬೇಕಾದಷ್ಟು ಸಿಗುತ್ತವೆ, ಬೇಕಾದ ಆಕಾರಕ್ಕೆ ಕತ್ತರಿಸಲೂ ಬರುತ್ತವೆ. ಆದರೆ ಬೆಂಕಿ ತಗುಲಿದರೆ ದಟ್ಟವಾದ ವಿಷದ ಹೊಗೆ ಕಾರುತ್ತವೆ. ಜನ ಒಳಗೆ ನಡೆದಾಡುವ ಕಲಾಕೃತಿಯಲ್ಲಿ ಅವಕ್ಕೆ ಜಾಗವಿಲ್ಲ.

ಒಂದು ಕೆಲಸದಲ್ಲಿ ನಮಗೆ ರಾಶಿಯಾಗಿ ಸಿಕ್ಕಿದ್ದು ಮುರಿದ ಕೊಡೆಗಳು. ಬಟ್ಟೆ ಬಿಚ್ಚಿದ ಮೇಲೆ ಉಳಿದ ಕಡ್ಡಿಗಳ ಅಸ್ಥಿಪಂಜರವನ್ನು ಏನು ಮಾಡಬೇಕೆಂದು ಎರಡು ವಾರ ತೋಚಲಿಲ್ಲ. ಒಂದು ಸಂಜೆ ನೆಲದ ಮೇಲಿಟ್ಟಿದ್ದ ಸಣ್ಣ ದೀಪದ ಮೇಲೆ ಹುಡುಗಿಯೊಬ್ಬಳು ಒಂದು ಕೊಡೆಯನ್ನು ಬಿಚ್ಚಿ ಹಿಡಿದಳು. ಮೇಲಿನ ಸೂರಿನ ತುಂಬ ದೊಡ್ಡ ಜೇಡರ ಬಲೆಯಂಥ ನೆರಳು ಹರಡಿತು. ಆ ಕೋಣೆಯ ಇಡೀ ವಿನ್ಯಾಸ ಹುಟ್ಟಿದ್ದು ಅಲ್ಲಿಂದ. ದೀಪದ ಮೂಲ ಸಣ್ಣದಾದಷ್ಟೂ ನೆರಳಿನ ಅಂಚು ಚೂಪಾಗುತ್ತದೆ, ವಸ್ತುವನ್ನು ದೀಪದ ಹತ್ತಿರಕ್ಕೆ ತಂದಷ್ಟೂ ನೆರಳು ಹಿಗ್ಗುತ್ತದೆ. ಆದ್ದರಿಂದ ಹಾಲುಬಣ್ಣದ ಮುಚ್ಚಿಗೆಯಿಲ್ಲದ ಒಂದೇ ಒಂದು ಎಲ್‌ಇಡಿ ಇಟ್ಟು, ಮೂವತ್ತು ಕೊಡೆಗಳನ್ನು ಬೇರೆ ಬೇರೆ ಎತ್ತರದಲ್ಲಿ ತೂಗಿಬಿಟ್ಟೆವು. ಅವುಗಳಲ್ಲಿ ಕೆಲವನ್ನು ತಿರುಗಿಸಲು ಕೆಟ್ಟ ಮೈಕ್ರೋವೇವ್ ಒಲೆಗಳ ತಟ್ಟೆ ತಿರುಗಿಸುವ ಮೋಟಾರು ಸರಿಹೊಂದಿತು; ಅದು ನಿಮಿಷಕ್ಕೆ ಐದಾರು ಸುತ್ತು ಮಾತ್ರ ಹಾಕುತ್ತದೆ, ಸದ್ದೂ ಕಡಿಮೆ. (ಆ ಒಲೆಯನ್ನು ಬಲ್ಲ ಎಲೆಕ್ಟ್ರಿಷಿಯನ್ ಹೊರತು ಯಾರೂ ಬಿಚ್ಚಕೂಡದು. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ನಲ್ಲಿ ಪ್ರಾಣ ತೆಗೆಯುವಷ್ಟು ವಿದ್ಯುತ್ತು ಉಳಿದಿರಬಹುದು.) ನಿವೃತ್ತ ಫಿಟ್ಟರ್ ಒಬ್ಬರು ಸುಮ್ಮನೆ ನೋಡಲು ಬಂದವರು, “ಈ ಕೀಲುಗಳಿಗೆ ಎಣ್ಣೆ ಬಿಡದಿದ್ದರೆ ತಿಂಗಳೊಳಗೆ ಕಿರುಗುಟ್ಟುತ್ತವೆ” ಎಂದು ಹೇಳಿ, ಮರುದಿನ ತಾವೇ ಎಣ್ಣೆಯ ಡಬ್ಬಿ ತಂದರು.

ಇಂಥ ಕೋಣೆಗೆ ಬೆಳಗುವ ಅಂಗಳದಿಂದ ನೇರವಾಗಿ ಜನರನ್ನು ನುಗ್ಗಿಸಿದರೆ ಅವರಿಗೆ ಏನೂ ಕಾಣುವುದಿಲ್ಲ. ಕಣ್ಣು ಕತ್ತಲಿಗೆ ಪೂರ್ತಿಯಾಗಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಅಷ್ಟು ಹೊತ್ತು ಯಾರೂ ಕಾಯುವುದಿಲ್ಲವಾದ್ದರಿಂದ ಬೆಳಕನ್ನು ಹಂತಹಂತವಾಗಿ ಇಳಿಸುವ ಬಾಗಿದ ಓಣಿಯೊಂದನ್ನು ಮುಂದೆ ಇಡುತ್ತೇನೆ, ಅತ್ಯಂತ ಮಬ್ಬಾದ ಕೋಣೆಯನ್ನು ಎಲ್ಲಕ್ಕಿಂತ ಕೊನೆಗೆ ಇಡುತ್ತೇನೆ. ಸದ್ದಿನ ವಿಷಯದಲ್ಲಿ ಒಂದು ತಪ್ಪು ನಂಬಿಕೆ ಎಲ್ಲೆಡೆ ಹಬ್ಬಿದೆ. ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿದರೆ ಪ್ರತಿಧ್ವನಿ ನಿಲ್ಲುತ್ತದೆ ಎನ್ನುತ್ತಾರೆ; ಆ ತೆಳು ರಟ್ಟು ಸದ್ದನ್ನು ಹೀರುವುದು ಅಲ್ಪ, ಹೊತ್ತಿ ಉರಿಯುವುದು ಬೇಗ. ತಗಡಿನ ಗೋದಾಮಿನ ಗದ್ದಲ ಇಳಿಯಬೇಕಾದರೆ ದಪ್ಪವೂ ಬೇಕು, ಗಾಳಿಯಾಡುವ ಎಳೆಯೂ ಬೇಕು. ಹಳೆಯ ಜೀನ್ಸ್ ಬಟ್ಟೆಯನ್ನು ಸೀಳಿ, ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ಅದ್ದಿ ಒಣಗಿಸಿ, ಚೌಕಟ್ಟಿನಲ್ಲಿ ಗಿಡಿದು ಗೋಡೆಗೆ ಹಾಕಿದರೆ ಸದ್ದು ತಗ್ಗುತ್ತದೆ, ಬಟ್ಟೆಯೂ ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ. ಅಷ್ಟಾದರೂ ಅದರ ಒಂದು ತುಂಡನ್ನು ಹೊರಗೆ ಬಯಲಿಗೆ ಒಯ್ದು ಬೆಂಕಿ ಹಿಡಿದು ನೋಡದೆ ನಾನು ಒಳಗೆ ಬಿಡುವುದಿಲ್ಲ.

ಬೆಂಕಿಯ ಮಾತನ್ನು ಇಷ್ಟು ಸಲ ಆಡುತ್ತಿರುವುದಕ್ಕೆ ಕಾರಣವಿದೆ. 2016ರ ಡಿಸೆಂಬರ್ 2ರಂದು ಅಮೆರಿಕದ ಓಕ್‌ಲ್ಯಾಂಡ್‌ನಲ್ಲಿ ಗೋಸ್ಟ್ ಶಿಪ್ ಎಂದು ಹೆಸರಾಗಿದ್ದ ಗೋದಾಮಿಗೆ ಬೆಂಕಿ ಬಿದ್ದು 36 ಮಂದಿ ಸತ್ತರು. ಕಲಾವಿದರು ಅಲ್ಲೇ ವಾಸವಿದ್ದು, ಹಳೆಯ ಪೀಠೋಪಕರಣ, ಮರದ ತುಂಡುಗಳು, ವಾದ್ಯಗಳಿಂದ ಬಹಳ ಅಕ್ಕರೆಯಿಂದ ಕಟ್ಟಿಕೊಂಡಿದ್ದ ಜಾಗ ಅದು. ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಇರಲಿಲ್ಲ, ಓಣಿಗಳು ಇಕ್ಕಟ್ಟಾಗಿದ್ದವು, ಮೇಲಿನ ಮಹಡಿಯಿಂದ ಇಳಿಯುವ ದಾರಿ ಕಷ್ಟದ್ದಾಗಿತ್ತು. ನಮ್ಮ ಕೆಲಸದ ಎಲ್ಲ ಆಕರ್ಷಣೆಗಳೂ, ಅಂದರೆ ಗುಜರಿ, ಮಬ್ಬು ಬೆಳಕು, ದಾರಿ ತಪ್ಪಿಸುವ ತಿರುವುಗಳು, ಅಲ್ಲಿ ಅಪಾಯವಾಗಿ ತಿರುಗಿದವು. ಆ ಸುದ್ದಿ ಓದಿದ ದಿನದಿಂದ ನಾನು ನಕ್ಷೆಯಲ್ಲಿ ಮೊದಲ ಗೆರೆ ಎಳೆಯುವುದು ಹೊರಹೋಗುವ ದಾರಿಗೆ. ಯಾವ ಕೋಣೆಗೂ ಎರಡು ಬಾಗಿಲು, ಎರಡೂ ಹೊರಕ್ಕೆ ತೆರೆಯಬೇಕು. ಕರೆಂಟು ಹೋದರೂ ಉರಿಯುವ ದಾರಿದೀಪ ಬೇಕು. ಕಲಾಕೃತಿಯ ನೆಪದಲ್ಲಿ ಆ ಬಾಗಿಲನ್ನು ಮರೆಮಾಡುವಂತಿಲ್ಲ. ಅಗ್ನಿಶಾಮಕ ಅಧಿಕಾರಿಯನ್ನು ಉದ್ಘಾಟನೆಯ ಹಿಂದಿನ ದಿನ ಕರೆಯದೆ, ರಾಶಿ ವಿಂಗಡಿಸುವ ದಿನವೇ ಕರೆದರೆ ಅವರು ತಡೆಯುವವರಾಗದೆ ಜೊತೆಗಾರರಾಗುತ್ತಾರೆ.

ಭಾರದ ಲೆಕ್ಕವೂ ಅಷ್ಟೇ ಮುಖ್ಯ. ಲಾಸ್ ಏಂಜಲೀಸ್‌ನಲ್ಲಿ ಸೈಮನ್ ರೋಡಿಯಾ 1921ರಿಂದ 1954ರವರೆಗೆ ಒಬ್ಬರೇ ಉಕ್ಕಿನ ಸರಳು, ತಂತಿಬಲೆ, ಗಾರೆ, ಒಡೆದ ಹೆಂಚು, ಬಾಟಲಿಗಳಿಂದ ಕಟ್ಟಿದ ವಾಟ್ಸ್ ಗೋಪುರಗಳನ್ನು ಅಪಾಯಕಾರಿ ಎಂದು ನಗರಾಡಳಿತ ಕೆಡವಲು ಹೊರಟಿತ್ತು. ಉಳಿಸಬೇಕೆಂದು ಒಗ್ಗೂಡಿದ ಜನರು 1959ರಲ್ಲಿ ಎಂಜಿನಿಯರ್ ಒಬ್ಬರಿಂದ ಸುಮಾರು 10,000 ಪೌಂಡಿನ ಎಳೆತದ ಪರೀಕ್ಷೆ ಮಾಡಿಸಿದರು. ಗೋಪುರ ಬೀಳಲಿಲ್ಲ, ಇಂದಿಗೂ ನಿಂತಿದೆ. ತಲೆಯ ಮೇಲೆ ತೂಗುವ ಯಾವುದನ್ನೇ ಆಗಲಿ, ಅದರ ತೂಕದ ಹಲವು ಪಟ್ಟು ಭಾರ ಹಾಕಿ ಒಂದು ರಾತ್ರಿ ಬಿಟ್ಟು ನೋಡಿದ ಮೇಲಷ್ಟೇ ಜನರನ್ನು ಅದರ ಕೆಳಗೆ ನಿಲ್ಲಿಸಬೇಕು.

ಇನ್ನು ಸಮುದಾಯ. ಬೆರಗಿನ ಕೋಣೆಗೆ ಜನ ಒಮ್ಮೆ ಬರುತ್ತಾರೆ, ನೆಂಟರನ್ನು ಕರೆದುಕೊಂಡು ಇನ್ನೊಮ್ಮೆ ಬರುತ್ತಾರೆ. ವಾರವಾರ ಬರುವಂತೆ ಮಾಡುವುದು ದಾಸ್ತಾನಿನ ಕೋಣೆ ಮತ್ತು ಅದರ ಮುಂದಿನ ಉದ್ದನೆಯ ಮೇಜು. ಆದ್ದರಿಂದ ಇವೆರಡನ್ನೂ ಹಿತ್ತಿಲಿಗೆ ತಳ್ಳದೆ, ಒಳಬರುವವರ ಕಣ್ಣಿಗೆ ಮೊದಲು ಬೀಳುವಂತೆ ಇಡುತ್ತೇನೆ. ಡಬ್ಬಗಳ ಮೇಲೆ ದಪ್ಪ ಅಕ್ಷರದಲ್ಲಿ ಹೆಸರು, ಮಕ್ಕಳ ಕೈಗೆ ಎಟುಕುವ ಎತ್ತರದಲ್ಲಿ ಗುಂಡಿ, ದಾರ, ಮುಚ್ಚಳ, ಬೀಗ ಹಾಕಿದ ಕಪಾಟಿನಲ್ಲಿ ಗರಗಸ ಮತ್ತು ಡ್ರಿಲ್, ಗೋಡೆಗೆ ಕಟ್ಟಿದ ಒಂದು ರಿಪೇರಿ ಪುಸ್ತಕ. ಇಡೀ ಹಣವನ್ನು ಉದ್ಘಾಟನೆಗೆ ಸುರಿದು, ಸವೆದ ತಂತಿ ಬದಲಿಸಲು ಕಾಸಿಲ್ಲದೆ ಕೋಣೆಗೆ ಬೀಗ ಹಾಕಿದವರನ್ನು ನೋಡಿದ ಮೇಲೆ, ಮೊದಲ ವರ್ಷದ ದುರಸ್ತಿಗೆ ಹಣ ತೆಗೆದಿಡದ ಕೆಲಸವನ್ನು ನಾನು ಒಪ್ಪಿಕೊಳ್ಳುವುದನ್ನೇ ಬಿಟ್ಟಿದ್ದೇನೆ. ಒಂದು ಕೋಣೆಯನ್ನಾದರೂ ಬೇಕೆಂದೇ ಖಾಲಿ ಬಿಡುತ್ತೇನೆ.

ಕೊಡೆಗಳ ಕೋಣೆಯ ಕೇಂದ್ರಕ್ಕೆ ಆರು ತಿಂಗಳ ನಂತರ ಹೋದಾಗ ಆ ಖಾಲಿ ಕೋಣೆಯಲ್ಲಿ ಸೈಕಲ್ ಚಕ್ರಗಳನ್ನು ತೂಗಿಬಿಟ್ಟಿದ್ದರು. ಅದರ ವಿನ್ಯಾಸದಲ್ಲಿ ನನ್ನ ಪಾಲೇನೂ ಇರಲಿಲ್ಲ. ರಿಪೇರಿ ಪುಸ್ತಕದಲ್ಲಿ ಫಿಟ್ಟರ್ ಅವರ ಕೈಬರಹ ಎಲ್ಲ ಪುಟಗಳಲ್ಲೂ ಇತ್ತು, ಕೊನೆಯ ಎರಡು ಪುಟಗಳಲ್ಲಿ ಮಾತ್ರ ಅದರ ಕೆಳಗೆ ಇನ್ನೊಂದು ಎಳೆಯ ಕೈಯ ಅಕ್ಷರ: “ಕೊಡೆ 14, ಕೀಲಿಗೆ ಎಣ್ಣೆ ಬಿಟ್ಟಿದೆ.”