ಪದ ಪರಿಚಯ: ಚರ

ಚುನಾವಣೆ ಬಂದಾಗ ಪೇಪರಿನಲ್ಲಿ ಅಭ್ಯರ್ಥಿಗಳ ಆಸ್ತಿ ವಿವರ ಬರುತ್ತದೆ. ಚರಾಸ್ತಿ ಇಷ್ಟು ಕೋಟಿ, ಸ್ಥಿರಾಸ್ತಿ ಇಷ್ಟು ಕೋಟಿ. ಚಿನ್ನ, ಕಾರು, ಬ್ಯಾಂಕಿನಲ್ಲಿರುವ ದುಡ್ಡು ಚರ. ಹೊಲ, ಮನೆ ಸ್ಥಿರ. ಕೈಯಿಂದ ಕೈಗೆ, ಊರಿಂದ ಊರಿಗೆ ಹೋಗಬಲ್ಲದ್ದು ಚರ. ಕೂತಲ್ಲೇ ಕೂತಿರುವುದು ಸ್ಥಿರ.

ವಿಜ್ಞಾನದ ಪ್ರಯೋಗದಲ್ಲಿ ಬರುವ ‘ಚರ’ವೂ ಇದೇ ಪದ. ಇಲ್ಲಿ ಬದಲಾಗುವುದು ಜಾಗವಲ್ಲ, ಅಳತೆ. ಬಿಸಿ, ತೂಕ, ಎತ್ತರ, ಹೊತ್ತು, ಹೀಗೆ ಹೆಚ್ಚು ಕಡಿಮೆ ಆಗಬಲ್ಲದ್ದೆಲ್ಲ ಚರವೇ. ಬೀಜಗಣಿತದ ಎಕ್ಸ್, ವೈಗಳನ್ನು ಚರಾಕ್ಷರ ಅನ್ನುವುದೂ ಅದಕ್ಕೇ. ಕೆಲವು ಪುಸ್ತಕಗಳಲ್ಲಿ ‘ಚಲಕ’ ಅಂತಲೂ ಇರುತ್ತದೆ. ಕ್ಲಾಸಿನಲ್ಲಿ ಮೇಷ್ಟ್ರು ಹೇಳುವುದು ಮಾತ್ರ ‘ವೇರಿಯಬಲ್’.

ಅರ್ಥ ಇಷ್ಟೇ. ಬಾಯಿಪಾಠ ಮಾಡಲು ಎರಡು ನಿಮಿಷ ಸಾಕು. ತೊಂದರೆ ಶುರುವಾಗುವುದು ಪ್ರಯೋಗ ಮಾಡಲು ಕೂತಾಗ.

ಅಣ್ಣನ ಮಗಳು ಎಂಟನೇ ಕ್ಲಾಸು. ಶಾಲೆಯ ವಸ್ತು ಪ್ರದರ್ಶನಕ್ಕೆ ಏನಾದರೂ ಮಾಡಬೇಕಿತ್ತು. ಅಡುಗೆ ಸೋಡಾ, ವಿನಿಗರ್ ಹಾಕಿ ಜ್ವಾಲಾಮುಖಿ ಉಕ್ಕಿಸುತ್ತೇನೆ ಅಂದಳು. ಅದು ಚೆಂದದ ಮಾದರಿ, ಆದರೆ ಪ್ರಯೋಗ ಅಲ್ಲ ಅಂದೆ. ಉಕ್ಕುತ್ತದೆ ಅಂತ ಮೊದಲೇ ಗೊತ್ತು, ಉಕ್ಕಿಸುತ್ತೇವೆ, ಉಕ್ಕುತ್ತದೆ. ಅಲ್ಲಿ ಕೇಳುವುದೇನೂ ಇಲ್ಲ. ಅವಳು ಮುಖ ಊದಿಸಿಕೊಂಡಳು. ಕೊನೆಗೆ ದೋಸೆ ಹಿಟ್ಟಿಗೆ ಬಂದು ನಿಂತೆವು. ನಮ್ಮ ಮನೆಯಲ್ಲಿ ಅದೊಂದು ಮುಗಿಯದ ವ್ಯಾಜ್ಯ: ಅಜ್ಜಿ ರಾತ್ರಿ ರುಬ್ಬಿದ ಕೂಡಲೇ ಉಪ್ಪು ಹಾಕುತ್ತಾರೆ. ಅತ್ತಿಗೆ ಬೆಳಗ್ಗೆ ಹಾಕುತ್ತಾರೆ. ಉಪ್ಪು ಮೊದಲೇ ಬಿದ್ದರೆ ಹಿಟ್ಟು ಉಬ್ಬುವುದಿಲ್ಲ ಅನ್ನುವುದು ಅತ್ತಿಗೆಯ ವಾದ.

ಅವಳು ಮೊದಲು ಬರೆದ ಪ್ರಶ್ನೆ: ‘ದೋಸೆ ಹಿಟ್ಟು ಯಾಕೆ ಉಬ್ಬುತ್ತದೆ?’ ಇದಕ್ಕೆ ಉತ್ತರ ಪುಸ್ತಕದಲ್ಲೇ ಇದೆ. ಹಿಟ್ಟಿನಲ್ಲಿ ಬೆಳೆಯುವ ಲ್ಯೂಕೊನೋಸ್ಟಾಕ್‌ನಂಥ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಹುಳಿಯನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತವೆ. ಉದ್ದಿನ ಲೋಳೆ ಆ ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಓದಿ ತಿಳಿಯುವ ಪ್ರಶ್ನೆ ಇದು, ಮಾಡಿ ತಿಳಿಯುವುದಲ್ಲ. ಪ್ರಶ್ನೆ ತಿದ್ದಿದಳು: ‘ಉಪ್ಪು ಹಾಕಿದ ಹಿಟ್ಟು, ಹಾಕದ ಹಿಟ್ಟಿಗಿಂತ ಕಡಿಮೆ ಎತ್ತರಕ್ಕೆ ಉಬ್ಬುತ್ತದಾ?’ ಈಗ ನೋಡಿ, ಪ್ರಶ್ನೆಯ ಒಳಗೇ ಎರಡು ಚರ ಕಾಣುತ್ತವೆ. ಉಪ್ಪು ಒಂದು, ಎತ್ತರ ಇನ್ನೊಂದು. ಪ್ರಶ್ನೆಯಲ್ಲಿ ಎರಡು ಚರ ಸಿಗದಿದ್ದರೆ ಅದಿನ್ನೂ ಪ್ರಯೋಗಕ್ಕೆ ಹದವಾಗಿಲ್ಲ ಅಂತಲೇ ನಾನು ಲೆಕ್ಕ ಹಾಕುವುದು.

ಉಪ್ಪು ‘ಸ್ವತಂತ್ರ ಚರ’, ಎತ್ತರ ‘ಅವಲಂಬಿತ ಚರ’ ಅನ್ನುತ್ತದೆ ಪುಸ್ತಕ. ಮೊದಲನೆಯ ಹೆಸರು ನನಗೆ ಅಷ್ಟು ಹಿಡಿಸುವುದಿಲ್ಲ. ನಾವು ಹಾಕಿದಷ್ಟು ಬೀಳುವ ಉಪ್ಪಿಗೆ ಯಾವ ಸ್ವಾತಂತ್ರ್ಯ? ಅವಳ ನೋಟ್‌ಬುಕ್ಕಿನಲ್ಲಿ ‘ನಾನು ಬದಲಿಸುವುದು’, ‘ನಾನು ಅಳೆಯುವುದು’ ಅಂತ ಬರೆಸಿದೆ. ಕೆಳಗೆ ಮೂರನೆಯ ಸಾಲು: ‘ನಾನು ಬದಲಾಗಲು ಬಿಡದೆ ಇರುವುದು’. ಅಕ್ಕಿ ಉದ್ದಿನ ಪ್ರಮಾಣ, ನೀರು, ಪಾತ್ರೆ, ಇಡುವ ಜಾಗ, ಹೊತ್ತು ಎಲ್ಲ ಅಲ್ಲಿಗೆ ಹೋದವು. ಇವೂ ಚರಗಳೇ. ಪ್ರಯೋಗ ಮುಗಿಯುವ ತನಕ ಮಾತ್ರ ಸ್ಥಿರಾಸ್ತಿಯ ಹಾಗೆ ಕೂರಬೇಕು.

ಈ ಮೂರನೆಯ ಸಾಲೇ ಕಷ್ಟದ್ದು. ಒಂದನ್ನು ಅಲುಗಾಡಿಸಿದಾಗ ಅದರ ಹಿಂದೆಯೇ ಇನ್ನೊಂದು ಸದ್ದಿಲ್ಲದೆ ಅಲುಗಿರುತ್ತದೆ. ಇದಕ್ಕೆ ನನಗೆ ತುಂಬ ಇಷ್ಟವಾದ ಉದಾಹರಣೆ ಇಟಲಿಯ ವೈದ್ಯ ಫ್ರಾನ್ಸೆಸ್ಕೊ ರೆಡಿಯದು. ಕೊಳೆತ ಮಾಂಸದಿಂದ ಹುಳುಗಳು ತಾವಾಗಿಯೇ ಹುಟ್ಟುತ್ತವೆ ಅಂತ ಆಗ ಜನ ನಂಬಿದ್ದರು. ನೊಣ ಇಟ್ಟ ಮೊಟ್ಟೆಯಿಂದಲೇ ಹುಟ್ಟುವುದು ಅನ್ನುವುದು ರೆಡಿಯ ಊಹೆ. ಹಾವು, ಹೊಳೆಮೀನು, ಆರ್ನೊ ನದಿಯ ಹಾವುಮೀನು, ಎಳೆಗರುವಿನ ಮಾಂಸ, ಇವನ್ನು ಅಗಲ ಬಾಯಿಯ ನಾಲ್ಕು ಗಾಜಿನ ಪಾತ್ರೆಗಳಲ್ಲಿ ಹಾಕಿ ಬಾಯಿ ಮುಚ್ಚಿ ಬಿಗಿದ. ಅದೇ ತರದ ಇನ್ನೂ ನಾಲ್ಕನ್ನು ತೆರೆದಿಟ್ಟ. ತೆರೆದವುಗಳಲ್ಲಿ ಹುಳು ಆಯಿತು, ಮುಚ್ಚಿದವುಗಳಲ್ಲಿ ಆಗಲಿಲ್ಲ.

ಗೆದ್ದೆ ಅಂತ ಅವನು ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಮುಚ್ಚಳ ತಡೆದದ್ದು ನೊಣವನ್ನು ಮಾತ್ರ ಅಲ್ಲವಲ್ಲ. ಗಾಳಿಯನ್ನೂ ತಡೆದಿತ್ತು. ಗಾಳಿ ಇಲ್ಲದ್ದಕ್ಕೆ ಹುಳು ಹುಟ್ಟಲಿಲ್ಲ ಅಂತ ಯಾರಾದರೂ ಅಂದರೆ ಏನು ಹೇಳುವುದು? ಒಂದು ಮುಚ್ಚಳ ಎರಡು ಚರಗಳನ್ನು ಒಟ್ಟಿಗೆ ಬದಲಿಸಿಬಿಟ್ಟಿತ್ತು. ಅವನು ಮತ್ತೆ ಮಾಡಿದ. ಈ ಸಲ ಮುಚ್ಚಳದ ಬದಲು ನೇಪಲ್ಸಿನ ತೆಳುವಾದ ಜಾಲರಿ ಬಟ್ಟೆ ಹೊದಿಸಿದ. ಗಾಳಿ ಒಳಗೆ ಹೋಯಿತು, ನೊಣ ಹೊರಗೇ ಉಳಿಯಿತು. ಮಾಂಸದಲ್ಲಿ ಹುಳು ಕಾಣಲಿಲ್ಲ. ಇದನ್ನೆಲ್ಲ ಅವನು ಪ್ರಕಟಿಸಿದ್ದು 1668ರಲ್ಲಿ.

ನಮ್ಮ ಅಡುಗೆಮನೆಯಲ್ಲೂ ಅದೇ ಮುಚ್ಚಳ ಇತ್ತು, ಚಮಚದ ರೂಪದಲ್ಲಿ. ಉಪ್ಪು ಹಾಕಿದ ಮೇಲೆ ಕಲಸಬೇಕು. ಕಲಸಿದಾಗ ಹಿಟ್ಟಿಗೆ ಗಾಳಿ ಸೇರುತ್ತದೆ, ಇದ್ದ ಗುಳ್ಳೆ ಒಡೆಯುತ್ತದೆ. ಉಪ್ಪಿಲ್ಲದ ಹಿಟ್ಟನ್ನು ಸುಮ್ನೆ ಹಾಗೇ ಬಿಟ್ಟರೆ? ಬೆಳಗ್ಗೆ ಎತ್ತರದಲ್ಲಿ ವ್ಯತ್ಯಾಸ ಕಂಡರೂ ಅದು ಉಪ್ಪಿನದೋ ಕಲಸಿದ್ದರದೋ ಹೇಳಲು ಬರುವುದಿಲ್ಲ. ಹಾಗಾಗಿ ಉಪ್ಪಿಲ್ಲದ್ದನ್ನೂ ಖಾಲಿ ಚಮಚದಲ್ಲಿ ಅಷ್ಟೇ ಸುತ್ತು ಕಲಸಬೇಕು. ಇದು ಹೊಳೆದದ್ದು ಅವಳಿಗೇ, ನನಗಲ್ಲ. ಅಜ್ಜಿ ಪಕ್ಕದಲ್ಲಿ ನಿಂತು, ಏನೂ ಹಾಕದೆ ಯಾಕೆ ತಿರುವುತ್ತಿದ್ದೀಯೇ ಅಂದರು.

ಹೀಗೆ ಹೋಲಿಸಿ ನೋಡಲು ಇಡುವುದಕ್ಕೆ ‘ನಿಯಂತ್ರಣ’ ಅನ್ನುತ್ತಾರೆ. ಮಕ್ಕಳು ಆ ಪದ ಕೇಳಿದರೆ ಏನನ್ನೋ ಹಿಡಿದು ನಿಲ್ಲಿಸಬೇಕು ಅಂದುಕೊಳ್ಳುತ್ತಾರೆ. ಹೋಲಿಕೆಯ ಲೋಟ ಅಂದರೆ ಸಾಕು. ಇನ್ನು ‘ಪ್ರಾಕ್ಕಲ್ಪನೆ’ ಅನ್ನುವ ನಾಲಿಗೆ ತೊಡರುವ ಪದ: ಪ್ರಾಕ್ ಅಂದರೆ ಮೊದಲು, ಮಾಡುವ ಮೊದಲೇ ಕಾರಣ ಸಮೇತ ಬರೆದಿಡುವ ಊಹೆ. ಊಹೆ ಸುಳ್ಳಾದರೆ ಪ್ರಯೋಗ ಕೆಟ್ಟಿತು ಅಂತಲ್ಲ. ಅತ್ತಿಗೆಯ ವಾದವನ್ನೇ ಬರೆದುಕೊಂಡೆವು.

ವಿಧಾನ ಬರೆಯುವಾಗ ಇನ್ನೊಂದು ಎಡವಟ್ಟು. ‘ರುಚಿಗೆ ತಕ್ಕಷ್ಟು ಉಪ್ಪು’ ಅಂತ ಬರೆದಿದ್ದಳು! ಅಡುಗೆ ಪುಸ್ತಕಕ್ಕೆ ಅದು ಸರಿ. ಪ್ರಯೋಗದ ವಿಧಾನ ಅಂದರೆ ಗುರುತು ಪರಿಚಯ ಇಲ್ಲದ ಇನ್ಯಾರೋ ಇನ್ನೆಲ್ಲೋ ಅದನ್ನು ಓದಿ ಹಾಗೇ ಮಾಡುವಂತಿರಬೇಕು. ಯಾರ ರುಚಿಗೆ ತಕ್ಕಷ್ಟು? ತಿದ್ದಿದ ಮೇಲೆ ಹೀಗಾಯಿತು: ಒಂದೇ ಸಲ ರುಬ್ಬಿದ ಹಿಟ್ಟು. ಒಂದೇ ಅಳತೆಯ ಆರು ನೇರ ಗಾಜಿನ ಲೋಟ. ಪ್ರತಿ ಲೋಟಕ್ಕೆ 100 ಮಿಲಿ ಲೀಟರ್ ಹಿಟ್ಟು. ಮೂರಕ್ಕೆ ಕಾಲು ಟೀ ಚಮಚ ಪುಡಿ ಉಪ್ಪು, ಚಮಚದ ಮೇಲೆ ಗುಡ್ಡೆ ನಿಲ್ಲದಂತೆ ಮಟ್ಟ ಮಾಡಿ. ಉಳಿದ ಮೂರಕ್ಕೆ ಉಪ್ಪಿಲ್ಲ. ಎಲ್ಲವನ್ನೂ 20 ಸುತ್ತು ಕಲಸುವುದು. ಹಿಟ್ಟಿನ ಮಟ್ಟಕ್ಕೆ ರಬ್ಬರ್ ಬ್ಯಾಂಡ್, ಮೇಲೆ ತಟ್ಟೆ ಮುಚ್ಚುವುದು. 10 ಗಂಟೆ ಬಿಟ್ಟು, ರಬ್ಬರ್ ಬ್ಯಾಂಡಿನಿಂದ ಎಷ್ಟು ಮಿಲಿಮೀಟರ್ ಏರಿದೆ ಅಂತ ಸ್ಕೇಲಿನಲ್ಲಿ ಅಳೆಯುವುದು.

ಒಂದೊಂದು ಸಾಲದಾ, ಮೂರು ಮೂರು ಯಾಕೆ ಅಂದಳು. ಒಂದೇ ಹಿಟ್ಟು ತುಂಬಿದ ಎರಡು ಲೋಟಗಳೂ ಒಂದೇ ಎತ್ತರಕ್ಕೆ ಏರುತ್ತವೆ ಅನ್ನುವ ಭರವಸೆ ಇಲ್ಲ. ಮೂರರಲ್ಲೂ ಒಂದೇ ಕಡೆ ವಾಲಿದರೆ ಉಪ್ಪಿನ ಮೇಲೆ ಅನುಮಾನ ಪಡಬಹುದು. ಉಪ್ಪಿನವನ್ನೂ ಉಪ್ಪಿಲ್ಲದವನ್ನೂ ಒಂದು ಬಿಟ್ಟು ಒಂದರಂತೆ ಸಾಲಾಗಿ ಇಡಿಸಿದೆ. ಇಲ್ಲದಿದ್ದರೆ ಒಲೆಯ ಹತ್ತಿರದ ಮೂರೂ ಒಂದೇ ಪಂಗಡದವಾಗಿಬಿಡುತ್ತವೆ.

ಮೊದಲ ಸಲ ಎಲ್ಲ ಕೆಟ್ಟಿತು. ಏಪ್ರಿಲ್ ಸೆಕೆ, ಲೋಟಗಳು ಚಿಕ್ಕವು. ಬೆಳಗ್ಗೆ ಎದ್ದು ನೋಡಿದರೆ ಆರೂ ಉಕ್ಕಿ ಕಟ್ಟೆಯ ಮೇಲೆಲ್ಲ ಹರಿದಿದ್ದವು. ಎತ್ತರ ಅಳೆಯುವುದೆಲ್ಲಿ? ಬದಲಿಸುವ ಚರದ ಬಗ್ಗೆ ಅಷ್ಟು ತಲೆ ಕೆಡಿಸಿಕೊಂಡಿದ್ದೆವು, ಅಳೆಯುವ ಚರಕ್ಕೆ ಏರಲು ಜಾಗ ಇಟ್ಟಿರಲಿಲ್ಲ. ಎರಡನೆಯ ಸಲ ಉದ್ದನೆಯ ಲೋಟ ಹುಡುಕಿ, ಮೂರನೇ ಒಂದು ಭಾಗ ಮಾತ್ರ ತುಂಬಿಸಿದಳು. ಬೆಳಗ್ಗೆ ಅವಳು ಸ್ಕೇಲು ಹಿಡಿದು ಕೂತಾಗ ಅಜ್ಜಿ ಮತ್ತು ಅತ್ತಿಗೆ ಇಬ್ಬರೂ ಅಡುಗೆಮನೆ ಬಾಗಿಲಲ್ಲೇ ನಿಂತಿದ್ದರು. ಅಳತೆ ಮುಗಿಯುವ ತನಕ ಕಾವಲಿ ಇಡುವ ಹಾಗಿರಲಿಲ್ಲ.