ಪ್ರೆಸ್ಸಿನ ಐದು ಕಂಪ್ಯೂಟರಿಗೆ ನ್ಯಾಸ್ ಸಾಕೋ, ಸ್ಯಾನ್ ಬೇಕೋ?

ಪ್ರಶ್ನೆ: ಗದಗದಾಗ ನಮ್ಮದೊಂದು ಪ್ರಿಂಟಿಂಗ್ ಪ್ರೆಸ್ ಐತ್ರಿ. ಡಿಸೈನ್ ಮಾಡೋ ಕಂಪ್ಯೂಟರ್ ಐದು ಅದಾವ. ಲಗ್ನಪತ್ರಿಕೆ, ಕ್ಯಾಲೆಂಡರ್, ಪುಸ್ತಕದ ಫೈಲು ಎಲ್ಲಾ ಸೇರಿ ಮೂರು ಟಿಬಿ ದಾಟೇತಿ. ಒಬ್ಬರು ನ್ಯಾಸ್ ತಗೋರಿ ಅಂತಾರ, ಇನ್ನೊಬ್ಬರು ಸ್ಯಾನ್ ಹಾಕಿದ್ರ ಸ್ಪೀಡ್ ಅಂತಾರ. ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಸಾಲೂದಿಲ್ಲೇನ್ರಿ?

ಉತ್ತರ: ನ್ಯಾಸ್ ತಗೊಳ್ಳಿ. ನ್ಯಾಸ್ ಎಂದರೆ ನೆಟ್‌ವರ್ಕಿಗೆ ಜೋಡಿಸಿ ಎಲ್ಲ ಕಂಪ್ಯೂಟರಿಗೂ ಫೈಲು ಹಂಚುವ ಡಿಸ್ಕಿನ ಪೆಟ್ಟಿಗೆ; ಸ್ಯಾನ್ ಎಂದರೆ ಸರ್ವರುಗಳಿಗೆ ಡಿಸ್ಕ್ ಒದಗಿಸುವ ಪ್ರತ್ಯೇಕ ನೆಟ್‌ವರ್ಕ್. ಎರಡು ಡಿಸ್ಕ್ ಹಿಡಿಯುವ ಪೆಟ್ಟಿಗೆ ಸಾಕು, ಮುಂದೆ ಕೆಲಸ ಬೆಳೆಯುತ್ತದೆ ಅನ್ನಿಸಿದರೆ ನಾಲ್ಕರದ್ದು.

ಎಕ್ಸ್‌ಟರ್ನಲ್ ಡಿಸ್ಕ್ ಒಂದು ಕಂಪ್ಯೂಟರಿಗೆ ಅಂಟಿಕೊಂಡಿರುತ್ತದೆ. ಬೇಕಾದವರೆಲ್ಲ ಕಾಪಿ ಮಾಡಿಕೊಳ್ಳುತ್ತಾರೆ. ಒಂದೇ ಲಗ್ನಪತ್ರಿಕೆ ಒಂದು ಕಡೆ ‘ಫೈನಲ್’, ಇನ್ನೊಂದು ಕಡೆ ‘ಫೈನಲ್ ಹೊಸದು’, ಮತ್ತೊಂದು ಕಡೆ ‘ಫೈನಲ್ ಹೊಸದು 2’. ಮುಹೂರ್ತ ತಿದ್ದಿದ್ದು ಒಂದರಲ್ಲಿ, ಪ್ಲೇಟಿಗೆ ಹೋಗಿದ್ದು ಇನ್ನೊಂದು. ಮುದ್ರಣ ಕಾಶಿ ಎನಿಸಿಕೊಂಡ ಊರಿನಲ್ಲಿ ಇದರ ನಷ್ಟ ಏನೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಸ್ಯಾನ್ ದೊಡ್ಡದು, ಹಾಗಾಗಿ ಒಳ್ಳೆಯದು ಎಂಬ ಮಾತನ್ನು ನಂಬಬೇಡಿ. ಎರಡರ ಕೆಲಸವೇ ಬೇರೆ. ನ್ಯಾಸ್ ಕೊಡುವುದು ಫೈಲು. ಯಾರಿಗೆ ಯಾವ ಫೋಲ್ಡರ್, ಯಾರು ಯಾವ ಫೈಲ್ ತೆರೆದಿದ್ದಾರೆ ಎಂಬ ಲೆಕ್ಕ ಆ ಪೆಟ್ಟಿಗೆಯದೇ. ಸ್ಯಾನ್ ಕೊಡುವುದು ಬರೀ ಡಿಸ್ಕ್. ಪ್ರತಿ ಕಂಪ್ಯೂಟರೂ ಅದು ತನ್ನೊಬ್ಬನದೇ ಎಂದುಕೊಳ್ಳುತ್ತದೆ. ಎರಡು ವಿಂಡೋಸ್ ಕಂಪ್ಯೂಟರ್ ಒಂದನ್ನೊಂದು ಅರಿಯದೆ ಅದೇ ಡಿಸ್ಕಿಗೆ ಬರೆದರೆ ಫೈಲುಗಳು ಕೆಟ್ಟುಹೋಗುತ್ತವೆ. ತಪ್ಪಿಸಲು ಮಧ್ಯೆ ಒಂದು ಸರ್ವರ್ ಇಡಬೇಕು, ಆಗ ಆ ಸರ್ವರ್ ಮಾಡುವುದು ನ್ಯಾಸ್ ಕೆಲಸವನ್ನೇ! ಹತ್ತಾರು ಸರ್ವರ್, ದೊಡ್ಡ ಡೇಟಾಬೇಸ್ ಇರುವಲ್ಲಿ ಸ್ಯಾನ್ ಸರಿ. ಸ್ಯಾನ್‌ಗೆಂದೇ ಇರುವ ಫೈಬರ್ ಚಾನೆಲ್ ಜೋಡಣೆ ಆದರೆ ಬೇರೆ ಕಾರ್ಡು, ಬೇರೆ ಸ್ವಿಚ್ಚಿನ ಖರ್ಚು ಬೇರೆ.

ಇನ್ನು ಸ್ಪೀಡ್. ಇದನ್ನು ಪೆಟ್ಟಿಗೆಯಲ್ಲಿ ಹುಡುಕುವ ಮೊದಲು ಕಂಪ್ಯೂಟರುಗಳ ನೆಟ್‌ವರ್ಕ್ ಕೇಬಲ್ ಬಂದು ಸೇರುವ ನಿಮ್ಮ ಸ್ವಿಚ್ ಪೆಟ್ಟಿಗೆಯ ಮೇಲೆ ಏನು ಬರೆದಿದೆ ಎಂದು ತಿರುಗಿಸಿ ನೋಡಿ. ‘10/100’ ಎಂದಷ್ಟೇ ಇದ್ದರೆ ಸೆಕೆಂಡಿಗೆ 12 ಎಂಬಿ ದಾಟುವುದಿಲ್ಲ; ಒಂದು ಜಿಬಿ ಫೈಲಿಗೆ ಸುಮಾರು ಒಂದೂವರೆ ನಿಮಿಷ. ಗಿಗಾಬಿಟ್ ಸ್ವಿಚ್ಚಿನಲ್ಲಿ 110 ಎಂಬಿ ಆಸುಪಾಸು ಬರುತ್ತದೆ, ಅದೇ ಫೈಲು ಹತ್ತು ಸೆಕೆಂಡಿನಲ್ಲಿ ಮುಗಿಯುತ್ತದೆ. ಕೇಬಲ್ ಕ್ಯಾಟ್ 5ಇ ಇರಲಿ, ಕ್ರಿಂಪ್ ಮಾಡುವವರು ಒಳಗಿನ ಎಂಟೂ ಎಳೆ ಜೋಡಿಸಲಿ. ನಾಲ್ಕೇ ಎಳೆ ಜೋಡಿಸಿದ ಹಳೆಯ ವೈರಿಂಗ್ ಇದ್ದರೆ ಹೊಸ ಸ್ವಿಚ್ ತಂದರೂ ವೇಗ ಆ 12 ಎಂಬಿಗೇ ನಿಲ್ಲುತ್ತದೆ. ಬಹಳ ಕಡೆ ತಪ್ಪು ನ್ಯಾಸ್‌ನದಲ್ಲ, ಈ ವೈರಿನದು.

ಡಿಸ್ಕ್ 8 ಟಿಬಿಯವು ಎರಡು ಹಾಕಿ ರೇಡ್ 1 ಮಾಡಿಸಿ, ಅಂದರೆ ಎರಡೂ ಡಿಸ್ಕಿಗೆ ಒಂದೇ ಡೇಟಾ ಬರೆಯುವ ಜೋಡಣೆ. ಜಾಗ 8 ಟಿಬಿಯೇ ಸಿಗುತ್ತದೆ, ಒಂದು ಸತ್ತರೆ ಇನ್ನೊಂದರಲ್ಲಿ ಎಲ್ಲವೂ ಇರುತ್ತದೆ. ಅಂಗಡಿಯವರಿಗೆ ‘ಸಿಎಂಆರ್’ (ಡೇಟಾ ಸಾಲುಗಳನ್ನು ಪಕ್ಕಪಕ್ಕ ಬರೆಯುವ) ಡಿಸ್ಕೇ ಬೇಕೆಂದು ಹೇಳಿ. ಸಾಲುಗಳನ್ನು ಒಂದರ ಮೇಲೊಂದು ತುಸು ಹೊದಿಸಿ ಬರೆಯುವ ‘ಎಸ್‌ಎಂಆರ್’ ಅಗ್ಗ, ಆದರೆ ಕೆಟ್ಟ ಡಿಸ್ಕ್ ಬದಲಿಸಿ ಮತ್ತೆ ತುಂಬಿಸುವಾಗ ವಿಪರೀತ ಹೊತ್ತು ತಗೊಳ್ಳಬಹುದು. ಯುಎಸ್‌ಬಿಯಲ್ಲಿ ಸುದ್ದಿ ಕೊಡುವ ಯುಪಿಎಸ್ ಇರಲಿ. ಕರೆಂಟ್ ಹೋಗಿ ಬ್ಯಾಟರಿ ಇಳಿದಾಗ ನ್ಯಾಸ್ ತಾನೇ ಸರಿಯಾಗಿ ಬಂದ್ ಆಗುತ್ತದೆ.

ರೇಡ್ ಇದೆ ಎಂದು ಬ್ಯಾಕಪ್ ಬಿಡಬೇಡಿ, ಕೈಮುಗಿದು ಹೇಳುತ್ತೇನೆ. ಕೈತಪ್ಪಿ ಅಳಿಸಿದ್ದು ಎರಡೂ ಡಿಸ್ಕಿನಿಂದ ಆ ಕ್ಷಣವೇ ಹೋಗುತ್ತದೆ. ನಿಮ್ಮ ಎಕ್ಸ್‌ಟರ್ನಲ್ ಡಿಸ್ಕ್ ಬೇಕಾಗುವುದು ಇಲ್ಲೇ: ವಾರಕ್ಕೊಮ್ಮೆ ಕಾಪಿ ಮಾಡಿ, ವೈರ್ ಕಿತ್ತು, ಪ್ರೆಸ್ಸಿನಲ್ಲಿಡದೆ ಮನೆಗೆ ಒಯ್ಯಿರಿ. ಎಲ್ಲವನ್ನೂ ಕ್ಲೌಡಿಗೆ ಹಾಕುತ್ತೇನೆ ಎಂದರೆ, 20 ಎಂಬಿಪಿಎಸ್ (ಸೆಕೆಂಡಿಗೆ 20 ಮೆಗಾಬಿಟ್, ಅಂದರೆ 2.5 ಎಂಬಿ) ಅಪ್‌ಲೋಡ್‌ನಲ್ಲಿ ಮೂರು ಟಿಬಿಗೆ ಹಗಲು ರಾತ್ರಿ ಬಿಡದೆ ಸುಮಾರು 14 ದಿನ ಬೇಕು. ಈ ವರ್ಷದ ಚಾಲ್ತಿ ಕೆಲಸ ಮಾತ್ರ ಹಾಕಿ.

ಮನೆಯಿಂದಲೂ ಫೈಲ್ ನೋಡಬೇಕೆಂದು ರೂಟರಿನಲ್ಲಿ ಪೋರ್ಟ್ (ಹೊರಗಿನಿಂದ ಒಳಬರುವ ದಾರಿ) ತೆರೆಸಬೇಡಿ. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ಸಾಫ್ಟ್‌ವೇರ್) ದಾಳಿ ಮಾಡಿದ್ದು ಹಾಗೆ ಇಂಟರ್ನೆಟ್ಟಿಗೆ ತೆರೆದಿಟ್ಟ ನ್ಯಾಸ್‌ಗಳ ಮೇಲೆಯೇ. ಬೇಕೇಬೇಕಾದರೆ ವಿಪಿಎನ್ (ಇಂಟರ್ನೆಟ್ ಮೂಲಕ ನಿಮ್ಮವರಷ್ಟೇ ಒಳಬರುವ ಗುಪ್ತ ದಾರಿ) ಹಾಕಿಸಿಕೊಳ್ಳಿ.